ಟಾಲರೆನ್ಸ್: ಲೇತಿನಲ್ಲಿ ಒಂದು ಅರ್ಥ, ಔಷಧಿ ಚೀಟಿಯಲ್ಲಿ ಇನ್ನೊಂದು

ನಿಘಂಟು ತೆರೆದರೆ ಟಾಲರೆನ್ಸ್ ಎಂಬ ಪದದ ಎದುರು ‘ಸಹಿಷ್ಣುತೆ’, ‘ಸಹನೆ’ ಎಂದಿರುತ್ತದೆ. ಮನುಷ್ಯರ ನಡವಳಿಕೆಯ ಮಾತಾದರೆ ಅದು ಸರಿಯೇ. ಆದರೆ ಪೀಣ್ಯದ ಮಷೀನ್ ಶಾಪಿನಲ್ಲಿ ಡ್ರಾಯಿಂಗ್ ಕೈಗೆ ಬಂದೊಡನೆ ಲೇತ್ ನಡೆಸುವ ಟರ್ನರ್ ‘ಟಾಲರೆನ್ಸ್ ಎಷ್ಟು?’ ಎಂದು ಕೇಳುವಾಗ ಅವನಿಗೆ ಬೇಕಿರುವುದು ಒಂದು ಸಂಖ್ಯೆ. ವೈದ್ಯರು ಅದೇ ಪದ ಆಡಿದರೆ ಅರ್ಥ ಬೇರೆ, ಬೆಳೆ ವಿಜ್ಞಾನಿ ಆಡಿದರೆ ಮತ್ತೂ ಬೇರೆ. ಎಲ್ಲ ಕಡೆಯೂ ‘ಸಹಿಷ್ಣುತೆ’ ಎಂದು ಬರೆದುಬಿಟ್ಟರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಮೊದಲು ಲೇತಿನ ಹತ್ತಿರ ಹೋಗೋಣ. ಯಾವ ಯಂತ್ರವೂ 25 ಮಿಲಿಮೀಟರ್ ತೂತನ್ನು ಸರಿಯಾಗಿ 25ಕ್ಕೇ ಕೊರೆಯಲಾರದು. ಟೂಲ್ ಸವೆಯುತ್ತದೆ, ಜಾಬ್ (ಕೊರೆಯುತ್ತಿರುವ ತುಂಡು) ಬಿಸಿಯಾಗುತ್ತದೆ, ಸ್ಪಿಂಡಲ್ ಅಲುಗುತ್ತದೆ. ಹಾಗಾಗಿ ಎಷ್ಟರಿಂದ ಎಷ್ಟರವರೆಗೆ ಇದ್ದರೆ ಒಪ್ಪಿಗೆ ಎಂದು ಮೊದಲೇ ಬರೆದಿಡುತ್ತಾರೆ. ಆ ಎರಡು ಮಿತಿಗಳ ನಡುವಿನ ಅಂತರವೇ ಟಾಲರೆನ್ಸ್. 25 ಮಿ.ಮೀ. ತೂತಿನ ಪಕ್ಕ ‘ಎಚ್7’ (H7) ಎಂದಿದ್ದರೆ ಅದು 25.000ರಿಂದ 25.021ರ ಒಳಗಿರಬೇಕು. ಅಂದರೆ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗಕ್ಕೆ ಹತ್ತಿರ. ಈ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಇದ್ದರೆ ತೂತು, ಸಣ್ಣಕ್ಷರ ಇದ್ದರೆ ಶಾಫ್ಟ್, ಅಂದರೆ ತೂತಿನಲ್ಲಿ ಕೂರುವ ದಂಡ. ಅಕ್ಷರವು ಅಳತೆ ಎಲ್ಲಿಂದ ಶುರು ಎಂಬುದನ್ನೂ ಅಂಕಿಯು ಅಂತರ ಎಷ್ಟು ಅಗಲ ಎಂಬುದನ್ನೂ ಹೇಳುತ್ತದೆ.

ಇದೇ ತೂತಿಗೆ ‘ಜಿ6’ (g6) ಶಾಫ್ಟ್ ಎಂದರೆ 24.980ರಿಂದ 24.993. ಅತಿ ಚಿಕ್ಕ ತೂತಿಗೆ ಅತಿ ದಪ್ಪ ಶಾಫ್ಟ್ ಸಿಕ್ಕರೂ 7 ಮೈಕ್ರಾನ್ ಸಂದು ಉಳಿಯುತ್ತದೆ, ಅತಿ ದೊಡ್ಡದಕ್ಕೆ ಅತಿ ಸಣ್ಣದು ಸಿಕ್ಕರೆ 41. ಎಣ್ಣೆಯ ಪದರಕ್ಕೆ ಜಾಗವಿದ್ದು ಶಾಫ್ಟ್ ನಯವಾಗಿ ತಿರುಗುತ್ತದೆ. ಶಾಫ್ಟನ್ನು ‘ಪಿ6’ (p6) ಮಾಡಿದರೆ ಅದು 25.022ರಿಂದ 25.035, ತೂತಿಗಿಂತ ಯಾವಾಗಲೂ ದಪ್ಪ, ಪ್ರೆಸ್‌ನಲ್ಲಿ ಒತ್ತಿಯೇ ಕೂರಿಸಬೇಕು. ಜಿ6 ಶಾಫ್ಟಿನ ಸುತ್ತ ಉಳಿದ ಸಂದಿಗೆ ಕ್ಲಿಯರೆನ್ಸ್ ಎನ್ನುತ್ತಾರೆ, ಅದು ಟಾಲರೆನ್ಸ್ ಅಲ್ಲ. ಒಂದು ತುಂಡಿನ ಅಳತೆ ಎಷ್ಟು ಆಚೀಚೆ ಹೋಗಬಹುದು ಎಂಬುದು ಟಾಲರೆನ್ಸ್. ಎರಡು ತುಂಡು ಕೂಡಿದಾಗ ನಡುವೆ ಉಳಿಯುವುದು ಕ್ಲಿಯರೆನ್ಸ್. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ತಪ್ಪು ನುಸುಳುವ ಇನ್ನೊಂದು ದಾರಿ ಬಿಸಿ. ಜಗತ್ತಿನಾದ್ಯಂತ ಡ್ರಾಯಿಂಗ್‌ನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯ. ಅಲ್ಯೂಮಿನಿಯಂ ಬುಷ್ (ಕೊಳವೆಯಂಥ ತುಂಡು) ಒಂದನ್ನು ಲೇತಿನಿಂದ ತೆಗೆದಾಗ ಅದು 50 ಡಿಗ್ರಿ ಇತ್ತೆನ್ನಿ. ಅಳೆದರೆ ಅದರ ಬೋರ್ (ಒಳತೂತು) 25.015, ಒಪ್ಪಿಗೆ. ಆದರೆ ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್‌ನಷ್ಟು ಹಿಗ್ಗುತ್ತದೆ. 30 ಡಿಗ್ರಿ ತಣಿಯುವಾಗ ಈ ಬೋರ್ 17 ಮೈಕ್ರಾನ್ ಕುಗ್ಗಿ 24.998ಕ್ಕೆ ಇಳಿಯುತ್ತದೆ. ಇನ್‌ಸ್ಪೆಕ್ಷನ್ ಮೇಜಿನಲ್ಲಿ ಗೋ ಗೇಜ್ (ತೂತು ತೀರಾ ಚಿಕ್ಕದಾಗಿಲ್ಲವೇ ಎಂದು ತೂರಿಸಿ ನೋಡುವ ಅಳತೆಗೋಲು) ಒಳಗೇ ಹೋಗುವುದಿಲ್ಲ. ಟರ್ನರ್ ಸುಳ್ಳು ಹೇಳಿಲ್ಲ, ಮೈಕ್ರೋಮೀಟರೂ ಕೆಟ್ಟಿಲ್ಲ. ಜಾಬ್ ಆರುವ ತನಕ ಕಾಯಲಿಲ್ಲ, ಅಷ್ಟೇ. ಉಪಕರಣದ ಆಯ್ಕೆಗೂ ಒಂದು ಲೆಕ್ಕವಿದೆ: ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನಾದರೂ ಅದು ತೋರಿಸಬೇಕು. 21 ಮೈಕ್ರಾನ್ ಪರೀಕ್ಷಿಸಲು 10 ಮೈಕ್ರಾನ್ ಗೆರೆಗಳ ಸಾಮಾನ್ಯ ಮೈಕ್ರೋಮೀಟರ್ ಸಾಲದು.

ಟಾಲರೆನ್ಸ್ ಬಿಗಿಯಾದಷ್ಟೂ ಜಾಬ್ ಒಳ್ಳೆಯದು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಆಳವಾಗಿದೆ. ಪ್ರಾಜೆಕ್ಟ್ ಡ್ರಾಯಿಂಗಿನಲ್ಲಿ ಪ್ರತಿ ಅಳತೆಗೂ ±0.01 ಹಾಕಿರುತ್ತಾರೆ. ಬೋಲ್ಟ್ ತೂರುವ ತೂತಿಗೆ ಡ್ರಿಲ್ ಸಾಕು. ಎಚ್7 ಬೇಕೆಂದರೆ ಕೊರೆದ ತೂತನ್ನು ತಿದ್ದುವ ರೀಮರ್ ಹಾಕಬೇಕು, ಅದಕ್ಕಿಂತ ಬಿಗಿಯಾದರೆ ಗ್ರೈಂಡಿಂಗ್, ಆಮೇಲೆ ನುಣ್ಣಗೆ ಉಜ್ಜುವ ಲ್ಯಾಪಿಂಗ್. ಒಂದೊಂದು ಮೆಟ್ಟಿಲಿಗೂ ಖರ್ಚು ಏರುತ್ತದೆ. ಹಾಗೆಂದು ಎಲ್ಲವನ್ನೂ ಸಡಿಲ ಬಿಟ್ಟರೆ ದೋಷಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ: 10±0.1 ಮಿ.ಮೀ.ನ ಐದು ಸ್ಪೇಸರ್ ಜೋಡಿಸಿದರೆ ಒಟ್ಟು ಉದ್ದ 49.5ಕ್ಕೂ ಇಳಿಯಬಹುದು, 50.5ಕ್ಕೂ ಏರಬಹುದು. ಎಲ್ಲಿ ಬಿಗಿ ಬೇಕು, ಎಲ್ಲಿ ಬೇಡ ಎಂದು ತಿಳಿದಿರುವುದೇ ವಿನ್ಯಾಸಕಾರನ ಕಸುಬು.

ಎಲೆಕ್ಟ್ರಾನಿಕ್ಸ್‌ನಲ್ಲೂ ಅರ್ಥ ಇದೇ, ಲೆಕ್ಕ ಮಾತ್ರ ಶೇಕಡಾವಾರು. ರೆಸಿಸ್ಟರಿನ ಕೊನೆಯ ಪಟ್ಟಿ ಚಿನ್ನದ ಬಣ್ಣವಾದರೆ ಶೇ 5, ಬೆಳ್ಳಿಯಾದರೆ ಶೇ 10, ಕಂದಾದರೆ ಶೇ 1. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 47 ಓಮ್ ಕೇಳಿದರೆ ತಕ್ಷಣ ಕೊಡುತ್ತಾರೆ, 50 ಓಮ್‌ಗೆ ಹುಡುಕಾಡಬೇಕು. ಕಾರಣ ಟಾಲರೆನ್ಸೇ. ಶೇ 10ರ ಸಾಲಿನಲ್ಲಿ 39 ಓಮ್ ಎಂದರೆ 42.9ರವರೆಗೆ, 47 ಎಂದರೆ 42.3ರಿಂದ 51.7, 56 ಎಂದರೆ 50.4ರಿಂದ ಮೇಲೆ. ಒಂದರ ಅಂಚು ಇನ್ನೊಂದರ ಮೇಲೆ ತುಸು ಹಾಸಿಕೊಳ್ಳುವುದರಿಂದ ನಡುವೆ 50ಕ್ಕೆ ಬೇರೆ ಜಾಗವೇ ಇಲ್ಲ.

ಔಷಧಶಾಸ್ತ್ರಕ್ಕೆ ಬಂದರೆ ಪದ ಪೂರ್ತಿ ಮಗ್ಗುಲು ಬದಲಿಸುತ್ತದೆ. ಅಲ್ಲಿ ಟಾಲರೆನ್ಸ್ ಎಂದರೆ ಅದೇ ಪ್ರಮಾಣದ ಔಷಧಿ ಬರಬರುತ್ತಾ ಕಡಿಮೆ ಕೆಲಸ ಮಾಡುವುದು. ನಮ್ಮವರು ಇದನ್ನು ಚೆನ್ನಾಗಿಯೇ ಹೇಳುತ್ತಾರೆ: ‘ಮೈ ಮಾತ್ರೆಗೆ ಒಗ್ಗಿಹೋಗಿದೆ’. ಒಗ್ಗಿಕೆ ಎಂಬುದೇ ಇದಕ್ಕೆ ತಕ್ಕ ಪದ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಗಳಲ್ಲಿ ಇದು ಬೇಗ ಬರುತ್ತದೆ. ದಿನಕ್ಕೆ ಎರಡು ಸಲ ಎಂದಿದ್ದರೂ ಎರಡನೆಯ ಮಾತ್ರೆಯನ್ನು 12 ಗಂಟೆ ಬಿಟ್ಟು ಕೊಡದೆ, ಬೆಳಗಿನ ಮಾತ್ರೆಯಾದ ಸುಮಾರು 7 ಗಂಟೆಗೇ ಕೊಡುವ ಪದ್ಧತಿ ಇರುವುದು ಇದಕ್ಕೇ. ರಾತ್ರಿಯ ಹೊತ್ತು ಮೈ ನೈಟ್ರೇಟ್ ಇಲ್ಲದೆ ಇದ್ದರೆ ಒಗ್ಗಿಕೆ ಅಳಿಯುತ್ತದೆ. ರೋಗಿ ಇದು ತಿಳಿಯದೆ ‘ರಾತ್ರಿ ಊಟದ ಮೇಲೆ ತಗೊಂಡರಾಯಿತು’ ಎಂದು ಹೊತ್ತು ಬದಲಿಸಿದರೆ ಮಾತ್ರೆಯ ಬಲವೇ ಕುಂದುತ್ತದೆ. ಹಿಂದೆ ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಿಗೆ ನೈಟ್ರೋಗ್ಲಿಸರಿನ್ ಸೋಂಕಿ ತಲೆನೋವು ಬರುತ್ತಿತ್ತು. ವಾರದಲ್ಲಿ ಒಗ್ಗಿಹೋಗಿ ನೋವು ನಿಲ್ಲುತ್ತಿತ್ತು. ರಜೆ ಕಳೆದು ಸೋಮವಾರ ಬಂದರೆ ಮತ್ತೆ ಶುರು.

ಒಗ್ಗಿಕೆ ಚಟವಲ್ಲ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಪಡೆಯುವವರಿಗೆ ಪ್ರಮಾಣ ಏರಿಸಬೇಕಾಗಿ ಬಂದರೆ ಮನೆಯವರು ಚಟ ಹತ್ತಿತೆಂದು ಹೆದರುತ್ತಾರೆ. ಆ ಹೆದರಿಕೆಯಿಂದ ರೋಗಿ ನೋವು ತಿನ್ನುವಂತಾಗಬಾರದು. ಒಗ್ಗಿಕೆ ಎಲ್ಲ ಪರಿಣಾಮಗಳಿಗೂ ಸಮನಾಗಿ ಬರುವುದಿಲ್ಲ ಎಂಬುದೂ ಗೊತ್ತಿರಲಿ: ಮಾರ್ಫಿನ್ ತರುವ ವಾಕರಿಕೆಗೆ ಮೈ ಕೆಲ ದಿನಗಳಲ್ಲಿ ಒಗ್ಗುತ್ತದೆ, ಮಲಬದ್ಧತೆಗೆ ಒಗ್ಗುವುದು ತೀರಾ ಕಡಿಮೆ. ಹಾಗಾಗಿ ಜೊತೆಗೆ ಮಲ ಸಡಿಲಿಸುವ ಔಷಧಿ ಬರೆದಿರುತ್ತಾರೆ, ಅದನ್ನು ಬಿಡಬಾರದು.

ಗರ್ಭಿಣಿಯರಿಗೆ ಮಾಡುವ ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್‌ನಲ್ಲಿ ಅದೇ ಪದಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಎಂದರ್ಥ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ 5ರಿಂದ 10 ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಭಾರತದ ಮಾರ್ಗಸೂಚಿಯಂತೆ ಗರ್ಭಾವಸ್ಥೆಯ ಮಧುಮೇಹ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ. ಪುಡಿಯ ಪೊಟ್ಟಣವನ್ನೂ ನೋಡಬೇಕು: ನೀರಿನಂಶವಿಲ್ಲದ ಗ್ಲೂಕೋಸ್ 75 ಗ್ರಾಂ ಸಾಕು, ನೀರಿನಂಶ ಸೇರಿದ ಮೊನೋಹೈಡ್ರೇಟ್ ಆದರೆ 82.5 ಗ್ರಾಂ ತೂಗಬೇಕು.

ಗದ್ದೆಯಲ್ಲಿ ಈ ಪದಕ್ಕೆ ‘ತಾಳಿಕೆ’ ಚೆನ್ನಾಗಿ ಹೊಂದುತ್ತದೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳುತ್ತದೆ. ಸಾಮಾನ್ಯ ಭತ್ತಕ್ಕೆ ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ (ಉಪ್ಪಿನ ಮಟ್ಟ ಅಳೆಯುವ ಮಾನ) ದಾಟಿದ ಮೇಲೆ ಒಂದೊಂದು ಡೆಸಿಸೀಮನ್ಸ್‌ಗೂ ಶೇ 12ರಷ್ಟು ಇಳುವರಿ ಕುಸಿಯುತ್ತದೆಂಬುದು ಬಳಕೆಯ ಲೆಕ್ಕ. 5 ಇದ್ದರೆ ಕಾಲುಭಾಗ ಹೋಯಿತು. ರೋಗದ ಮಾತು ಬಂದಾಗ ತಾಳಿಕೆಯೇ ಬೇರೆ, ನಿರೋಧಕತೆಯೇ ಬೇರೆ. ನಿರೋಧಕ ತಳಿ ರೋಗಾಣುವನ್ನು ಬೆಳೆಯಗೊಡುವುದಿಲ್ಲ. ತಾಳುವ ತಳಿಯಲ್ಲಿ ರೋಗಾಣು ಇರುತ್ತದೆ, ಇಳುವರಿ ಮಾತ್ರ ಅಷ್ಟಾಗಿ ಕುಗ್ಗುವುದಿಲ್ಲ, ಅಂಥ ಗದ್ದೆಯಿಂದ ಪಕ್ಕದ ಗದ್ದೆಗೆ ರೋಗ ದಾಟಬಹುದು.

ಇನ್ನು ಲ್ಯಾಕ್ಟೋಸ್ ಇನ್‌ಟಾಲರೆನ್ಸ್. ‘ಹಾಲು ಆಗಿಬರುವುದಿಲ್ಲ’ ಎಂದು ಮನೆಯಲ್ಲಿ ಆಡುವ ಮಾತು ಇದಕ್ಕೆ ಒಪ್ಪುತ್ತದೆ, ಆದರೆ ಅಲರ್ಜಿಗೂ ಜನ ಅದನ್ನೇ ಬಳಸುತ್ತಾರೆ. ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಕರುಳಿನಲ್ಲಿ ಸಾಲದಿದ್ದರೆ ಹೊಟ್ಟೆಯುಬ್ಬರ, ಭೇದಿ. ಹೀಗಿದ್ದೂ ಬಹಳ ಮಂದಿಗೆ ಒಂದು ಲೋಟ ಹಾಲಿನಲ್ಲಿರುವ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಹೆಚ್ಚು ತೊಂದರೆ ಕೊಡುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಒಂದಿಷ್ಟನ್ನು ಮೊದಲೇ ಮುಗಿಸಿರುವುದರಿಂದ ಮೊಸರು ಇನ್ನೂ ಸಲೀಸು. ಅಲರ್ಜಿ ಹಾಲಿನ ಪ್ರೋಟೀನಿಗೆ ಬರುವಂಥದ್ದು. ಅಂಥ ಮಗುವಿಗೆ ಒಂದು ಚಮಚ ಮೊಸರೂ ಅಪಾಯ ತರಬಹುದು.