ಪದ ಪರಿಚಯ: ರೆಫರೆನ್ಸ್

ಕೆಲಸಕ್ಕೋ ಮುಂದಿನ ಓದಿಗೋ ಅರ್ಜಿ ತುಂಬುವಾಗ ಕೊನೆಯಲ್ಲಿ ಒಂದು ಜಾಗ ಬರುತ್ತದೆ. ಎರಡೋ ಮೂರೋ ಜನರ ಹೆಸರು, ಹುದ್ದೆ, ಈಮೇಲ್, ಫೋನ್ ನಂಬರ್ ಕೊಡಿ ಅಂತ. ಅಲ್ಲಿ ಬರೆಯುವ ಹೆಸರುಗಳೇ ನಿಮ್ಮ ರೆಫರೆನ್ಸ್. ನಿಮ್ಮ ಕೆಲಸವನ್ನೋ ನಡತೆಯನ್ನೋ ಹತ್ತಿರದಿಂದ ನೋಡಿದವರು, ಯಾರಾದರೂ ಕೇಳಿದರೆ ಅದರ ಬಗ್ಗೆ ಹೇಳಲು ಒಪ್ಪಿಕೊಂಡವರು.

ಈ 'ಒಪ್ಪಿಕೊಂಡವರು' ಅನ್ನುವುದನ್ನೇ ಬಹಳ ಜನ ಮರೆಯುತ್ತಾರೆ. ಮೇಷ್ಟ್ರು ಬೇಡ ಅನ್ನಲ್ಲ ಬಿಡು ಅಂದುಕೊಂಡು, ಕೇಳದೆಯೇ ಹೆಸರು ಬರೆದುಬಿಡುತ್ತಾರೆ. ಆಮೇಲೊಂದು ದಿನ ಆ ಮೇಷ್ಟ್ರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. 'ಯಾರು? ಯಾವ ಬ್ಯಾಚು?' ಅಂತ ಅವರು ತಡವರಿಸುತ್ತಾರೆ. ಅವರ ತಪ್ಪೇನೂ ಇಲ್ಲ. ಆದರೆ ಫೋನ್ ಮಾಡಿದವರಿಗೆ ನಿಮ್ಮ ಬಗ್ಗೆ ಅನುಮಾನ ಬರಲು ಅಷ್ಟು ಸಾಕು.

ಇದರ ಅಕ್ಕಪಕ್ಕದ ಕೆಲವು ಮಾತುಗಳ ಜೊತೆ ಗೊಂದಲ ಮಾಡಿಕೊಳ್ಳಬಾರದು. ಕಂಪನಿಯ ಒಳಗಿರುವವರು ನಿಮ್ಮ ರೆಸ್ಯೂಮೆಯನ್ನು ಎಚ್‌ಆರ್‌ಗೆ ತಲುಪಿಸಿದರೆ ಅದು ರೆಫರಲ್. ಮೇಷ್ಟ್ರು ನಿಮ್ಮ ಬಗ್ಗೆ ಬರೆದು ಕಳಿಸುವುದು ಶಿಫಾರಸು ಪತ್ರ. ಅದು ರೆಫರೆನ್ಸಿನ ಬರಹದ ರೂಪ. ವಶೀಲಿ ಇದ್ಯಾವುದೂ ಅಲ್ಲ. ವಶೀಲಿಯಲ್ಲಿ ಹೇಳುವವರ ಪ್ರಭಾವ ಕೆಲಸ ಮಾಡುತ್ತದೆ, ರೆಫರೆನ್ಸಿನಲ್ಲಿ ಅವರು ಕಣ್ಣಾರೆ ಕಂಡದ್ದು. ಸಂಕೋಚದಿಂದ ಕೇಳದೇ ಇರುವ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ನೀವು ಕೇಳುತ್ತಿರುವುದು ಸಾಕ್ಷಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸಾಕ್ಷಿ ಅಂದಮೇಲೆ, ನೋಡಿದವರೇ ಬೇಕು ಅಲ್ವಾ? ಆದರೂ ದೊಡ್ಡ ಹುದ್ದೆಯವರ ಹೆಸರಿನ ಕಡೆಗೇ ಮನಸ್ಸು ಎಳೆಯುತ್ತದೆ. ಪ್ರಿನ್ಸಿಪಾಲರ ಸಹಿ ಇದ್ದರೆ ತೂಕ ಜಾಸ್ತಿ ಅಂತ. ವಿಶ್ವವಿದ್ಯಾಲಯಗಳ ಫಾರಂ ಏನು ಕೇಳುತ್ತದೆ ನೋಡಿ: ಈ ವಿದ್ಯಾರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? ಯಾವ ಪಾಠ ಹೇಳಿದಿರಿ? ಜೊತೆಯವರಿಗೆ ಹೋಲಿಸಿದರೆ ಎಲ್ಲಿ ನಿಲ್ಲುತ್ತಾರೆ? ಕೆಲವು ಫಾರಂಗಳಲ್ಲಿ ಮೊದಲ 5%, ಮೊದಲ 10% ಅಂತ ಗುರುತು ಹಾಕುವ ಮನೆಗಳೇ ಇರುತ್ತವೆ. ಬಹುಮಾನ ಕೊಡುವಾಗ ಒಮ್ಮೆ ವೇದಿಕೆಯಲ್ಲಿ ಕಂಡ ಪ್ರಿನ್ಸಿಪಾಲರು ಇದಕ್ಕೆ ಏನು ಬರೆಯಬೇಕು? ನಿಮ್ಮ ಪ್ರಾಜೆಕ್ಟ್ ಎರಡು ಸಲ ಕೆಟ್ಟು ಮೂರನೇ ಸಲ ನಡೆದದ್ದನ್ನು ಪಕ್ಕದಲ್ಲೇ ನಿಂತು ನೋಡಿದ ಕಿರಿಯ ಲೆಕ್ಚರರ್ ಒಂದು ಪುಟ ಬರೆಯಬಲ್ಲರು. ಅವರನ್ನೇ ಕೇಳಿ.

ರೆಫರೆನ್ಸಿನಿಂದ ತಿಳಿಯುವುದು ಎಷ್ಟು ಕಡಿಮೆ ಅನ್ನುವುದರ ಬಗ್ಗೆ ಸಂಶೋಧನೆಯೂ ಇದೆ. ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು ನೌಕರರ ಆಯ್ಕೆಯ ಬಗ್ಗೆ ನಡೆದ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದರು. ಮುಂದೆ ಒಬ್ಬರು ಹೇಗೆ ಕೆಲಸ ಮಾಡುತ್ತಾರೆ ಎಂದು ಊಹಿಸುವುದರಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವ ಕ್ರಮಬದ್ಧ ಸಂದರ್ಶನಕ್ಕೆ 0.51 ಅಂಕ ಸಿಕ್ಕಿತು (ಊಹೆ ಪೂರ್ತಿ ಸರಿಯಾದರೆ 1), ರೆಫರೆನ್ಸ್ ವಿಚಾರಣೆಗೆ 0.26 ಮಾತ್ರ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಳ್ಳೆಯದನ್ನೇ ಹೇಳುವವರ ಹೆಸರನ್ನು ತಾನೇ ಎಲ್ಲರೂ ಕೊಡುವುದು? 'ಶ್ರಮಜೀವಿ, ಪ್ರಾಮಾಣಿಕ' ಅನ್ನುವ ಮಾತು ಪ್ರತಿ ಪತ್ರದಲ್ಲೂ ಇದ್ದರೆ ಓದುವವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಅವರು ನಿಂತು ಓದುವುದು ಒಂದು ಘಟನೆಯನ್ನು, ಒಂದು ನಿಜವಾದ ವಿವರವನ್ನು.

ಹಾಗಾದರೆ ಕೇಳುವುದು ಹೇಗೆ? ಕೊನೆಯ ದಿನಾಂಕಕ್ಕೆ ಮೂರು ನಾಲ್ಕು ವಾರ ಇರುವಾಗಲೇ ಕೇಳಿ. 'ನಾಳೆ ಕೊನೇ ದಿನ ಸರ್' ಅಂದರೆ ಅವರಿಗೆ ಒಳ್ಳೆಯದು ಬರೆಯುವ ಮನಸ್ಸಿದ್ದರೂ ಸಮಯ ಇರುವುದಿಲ್ಲ. ಇಲ್ಲ ಅನ್ನಲು ಅವರಿಗೆ ದಾರಿ ಬಿಡಿ. ಅರೆಮನಸ್ಸಿನಿಂದ ಒಪ್ಪಿದವರ ಪತ್ರ ಓದಿದವರಿಗೆ ಗೊತ್ತಾಗಿಬಿಡುತ್ತದೆ. ವರ್ಷಗಟ್ಟಲೆ ಮಾತೇ ಆಡಿಲ್ಲದ ಮೇಷ್ಟ್ರಾದರೆ, ಮೊದಲು ಅವರಿಗೆ ನಿಮ್ಮ ನೆನಪು ಬರುವಂತೆ ಮಾಡಬೇಕು. ಹೀಗೆ ಬರೆಯಬಹುದು:

'ಸರ್, ನಮಸ್ಕಾರ. ನಾಲ್ಕು ವರ್ಷದ ಹಿಂದೆ ಅಂತಿಮ ಬಿಎಸ್ಸಿಯಲ್ಲಿ ನಿಮ್ಮ ರಸಾಯನಶಾಸ್ತ್ರ ತರಗತಿಯಲ್ಲಿದ್ದೆ. ನೀರಿನ ಗಡಸುತನದ ಪ್ರಾಜೆಕ್ಟನ್ನು ನಿಮ್ಮ ಮಾರ್ಗದರ್ಶನದಲ್ಲೇ ಮಾಡಿದ್ದೆ. ಈಗ ಎಂಎಸ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸದ ಬಗ್ಗೆ ವಿವರವಾಗಿ ಹೇಳುವಷ್ಟು ನಿಮಗೆ ನೆನಪಿದ್ದರೆ, ನಿಮ್ಮ ಹೆಸರನ್ನು ರೆಫರೆನ್ಸ್ ಆಗಿ ಕೊಡಬಹುದೇ? ಸಮಯ ಇಲ್ಲದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ ಸರ್, ಬೇರೆಯವರನ್ನು ಕೇಳುತ್ತೇನೆ.'

ಅವರು ಆಗಲಿ ಅಂದಮೇಲೆ ಬೇಕಾದ್ದೆಲ್ಲ ಒಂದೇ ಈಮೇಲಿನಲ್ಲಿ ಕಳಿಸಿ. ರೆಸ್ಯೂಮೆ, ಅಂಕಪಟ್ಟಿ, ಯಾವ ಕೋರ್ಸು ಅಥವಾ ಯಾವ ಕೆಲಸ, ಏಕೆ ಅದೇ ಬೇಕು, ಯಾವ ದಿನಾಂಕದೊಳಗೆ. ಫಾರಂ ತುಂಬುವ ಲಿಂಕ್ ನೇರವಾಗಿ ಅವರ ಈಮೇಲಿಗೇ ಹೋಗುವುದಾದರೆ ಮೊದಲೇ ತಿಳಿಸಿ, ಅದು ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು. ಕಾಲೇಜಿನ ಅಧಿಕೃತ ಈಮೇಲ್ ವಿಳಾಸವಿದ್ದರೆ ಅದನ್ನೇ ಕೊಡಿ. ಒಂದು ವಾರ ಮುಂಚೆ ಒಂದು ಸಲ ನೆನಪಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಹಳ ಕಡೆ ಕೇಳಿಬರುವ ಇನ್ನೊಂದು ಮಾತಿದೆ: 'ನೀನೇ ಬರೆದು ತಾ, ಸೈನ್ ಹಾಕ್ತೀನಿ.' ಹೇಳುವವರ ಉದ್ದೇಶ ಕೆಟ್ಟದ್ದಲ್ಲ, ಅವರಿಗೂ ಕೆಲಸದ ಒತ್ತಡ ಇರುತ್ತದೆ. ಆದರೂ ಇದಕ್ಕೆ ಒಪ್ಪಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇನ್ನೊಬ್ಬರ ಹೆಸರಿನಲ್ಲಿ ನಮ್ಮನ್ನು ನಾವೇ ಹೊಗಳಿಕೊಂಡರೆ ಅದು ಸಾಕ್ಷಿ ಆಗುವುದಿಲ್ಲ. ಮೂರೂ ಪತ್ರಗಳು ಒಬ್ಬರದೇ ಧಾಟಿಯಲ್ಲಿದ್ದರೆ ಅದು ಎದ್ದು ಕಾಣುತ್ತದೆ ಕೂಡ. 'ಸರ್, ಪತ್ರ ಬೇಡ, ನಿಮಗೆ ಅನುಕೂಲ ಆಗುವಂತೆ ನಾನು ಮಾಡಿದ ಕೆಲಸಗಳ ಪಟ್ಟಿ ಕೊಡ್ತೀನಿ' ಅನ್ನಿ. ಆ ಪಟ್ಟಿ ಇದ್ದರೆ ಅವರಿಗೆ ಬರೆಯುವುದು ಅರ್ಧ ಸುಲಭವಾಗುತ್ತದೆ.

ಅಮೆರಿಕದ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ, ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ವಿದ್ಯಾರ್ಥಿಗಳಿಗೆ ತಮ್ಮ ದಾಖಲೆ ನೋಡುವ ಹಕ್ಕು ಕೊಟ್ಟ 1974ರ ಕಾನೂನಿನಿಂದ ಬಂದದ್ದು ಇದು. ಬಹಳ ಜನ ಗಾಬರಿಯಾಗುತ್ತಾರೆ. ಬಿಟ್ಟುಕೊಡುವುದೇ ಒಳ್ಳೆಯದು. ವಿದ್ಯಾರ್ಥಿ ಓದುವುದಿಲ್ಲ ಅಂತ ಗೊತ್ತಿದ್ದಾಗ ಮೇಷ್ಟ್ರು ಮನಸ್ಸು ಬಿಚ್ಚಿ ಬರೆದಿರುತ್ತಾರೆ ಎಂದು ಓದುವವರು ಆ ಪತ್ರವನ್ನು ಜಾಸ್ತಿ ನಂಬುತ್ತಾರೆ.

ಇನ್ನು ಪರಿಚಯದವರು. ಕೆಲಸದ ಅನುಭವ ಇಲ್ಲದವರಿಗೆ, ಸ್ವಯಂಸೇವೆಗೆ ಸೇರುವವರಿಗೆ, ಮನೆ ಬಾಡಿಗೆಗೆ ಹಿಡಿಯುವವರಿಗೆ ನಡತೆಯ ರೆಫರೆನ್ಸ್ ಬೇಕಾಗಬಹುದು. ನೆರೆಯವರು, ಆಟದ ಕೋಚ್, ನೀವು ದುಡಿದ ಸಂಘದ ಹಿರಿಯರು ಆಗುತ್ತಾರೆ. ನೆಂಟರು ಸಾಮಾನ್ಯವಾಗಿ ಆಗುವುದಿಲ್ಲ. ಹೇಳಿದ ಹೊತ್ತಿಗೆ ಬರುತ್ತಾರಾ, ದುಡ್ಡು ನಂಬಿ ಕೊಡಬಹುದಾ, ಇಂಥದ್ದನ್ನು ಅವರು ಧೈರ್ಯವಾಗಿ ಹೇಳಬಲ್ಲರು. ನಿಮ್ಮ ಕೋಡಿಂಗ್ ಹೇಗಿದೆ ಅಂತ ಅವರಿಂದ ಹೇಳಿಸಬೇಡಿ.

ಹಳೆಯ ಕಂಪನಿಗಳದ್ದು ಬೇರೆಯದೇ ಕಥೆ. ರೆಫರೆನ್ಸ್ ಬರೆಯುವವರು ಎಚ್ಚರ ವಹಿಸದೆ ಹಳೆಯ ನೌಕರನಿಗೆ ನಷ್ಟವಾದರೆ ಕಂಪನಿಯೇ ಹೊಣೆ ಹೊರಬೇಕಾಗಬಹುದು ಎಂದು, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ತೀರ್ಪು ಕೊಟ್ಟಿತು. ಇಂಥ ಭಯಕ್ಕೆ ಎಷ್ಟೋ ಕಂಪನಿಗಳು ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟನ್ನೇ ಹೇಳಿ ಸುಮ್ಮನಾಗುತ್ತವೆ. ಆದ್ದರಿಂದ ನಿಮ್ಮ ಜೊತೆ ನಿಜವಾಗಿ ಕೆಲಸ ಮಾಡಿದ ಹಳೆಯ ಮ್ಯಾನೇಜರ್ ಬೇಕು. ಈಗಿನ ಬಾಸ್ ಹೆಸರನ್ನು ಮಾತ್ರ ಅವರನ್ನು ಕೇಳದೆ ಬರೆಯಬೇಡಿ, ನೀವು ಕೆಲಸ ಹುಡುಕುತ್ತಿರುವ ಸುದ್ದಿ ಆ ಫೋನಿನಿಂದಲೇ ಅವರಿಗೆ ತಿಳಿಯುತ್ತದೆ.

ಫಲಿತಾಂಶ ಬಂದ ದಿನ ಅವರಿಗೆ ತಿಳಿಸಿ. ಸೀಟು ಸಿಗದಿದ್ದರೂ ತಿಳಿಸಿ, ಬರೆದವರು ಕಾಯುತ್ತಿರುತ್ತಾರೆ. ಮುಂದಿನ ವರ್ಷ ಮತ್ತೆ ಅವರದೇ ಹೆಸರು ಕೊಡುವುದಾದರೆ ಮತ್ತೆ ಕೇಳಿ. ಹೋದ ವರ್ಷ ಅವರು ಒಪ್ಪಿದ್ದು ಹೋದ ವರ್ಷದ ಅರ್ಜಿಗೆ ಮಾತ್ರ.