ಎತ್ತಿನ ಔಷಧ ಕುದರಿಗೆ ಹಾಕಬ್ಯಾಡ್ರಿ

ನಮ್ಮ ಕಲಬುರಗಿ ಕಡೆ ಮನಿಮುಂದ ಎತ್ತು ಕಟ್ಟಿದವ್ರೇ ಹೆಚ್ಚು, ಕುದರಿ ಅಂದ್ರ ಈಗ ಮದ್ವಿ ಮೆರವಣಿಗಿಗೆ ಬಾಡಿಗಿ ಕೊಡೋರ ಹತ್ರ ಅಷ್ಟ. ಹಂಗಾಗಿ ದನದ ರೂಢಿನೇ ಕುದರಿಗೂ ಹಚ್ತಾರ.

ಎತ್ತು ಕಣಕಿ ಜೋಡಿ ಮೊಳಿನೋ ತಂತಿನೋ ನುಂಗ್ತದ, ಅದು ದನದ ನಾಲ್ಕು ಹೊಟ್ಟಿಯೊಳಗಿನ ಎರಡನೇದ್ರಾಗ ಚುಚ್ಚಿಕೊಂಡು ಕೂಡ್ತದ, ಆದ್ರ ಸುತ್ತ ಪೊರೆ ಕಟ್ಟಿ ಸೋಂಕನ್ನ ಅಲ್ಲೇ ತಡೆಯೋ ತಾಕತ್ತು ದನಕ್ಕ ಅದ, ಒಂದೊಂದು ಎತ್ತು ಹಂಗೇ ಗಳೇವು ಹೊಡಕೊಂತ ಇರ್ತದ. ಆಪರೇಶನ್ ಬೇಕಾದ್ರೂ ನಾವು ದನದ ಡಾಕ್ಟರ್ರು ನಿಂದ್ರಿಸಿ, ಎಡಪಕ್ಕಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕೊಯ್ತೀವಿ. ಕುದರಿ ಹೊಟ್ಟಿಯೊಳಗ ಸೋಂಕು ಬಿತ್ತಂದ್ರ ಬೇಗ ಹಬ್ತದ. ಹೊಟ್ಟಿ ಕೊಯ್ಯಬೇಕಂದ್ರ ಸಾಮಾನ್ಯವಾಗಿ ಪೂರ್ತಿ ಅರವಳಿಕೆ ಕೊಟ್ಟು ಮಲಗಿಸಬೇಕು, ಎಚ್ಚರಾದ ಮ್ಯಾಲ ಗಾಬರಿಬಿದ್ದು ಏಳೋವಾಗ ಕಾಲು ಮುರಕೊಂಡ ಕುದರಿನೂ ಅದಾವ.

ಇನ್ನೊಂದು, ಕುದರಿಗೆ ವಾಂತಿ ಮಾಡ್ಲಿಕ್ಕೆ ಬರೂದಿಲ್ಲ. ದನದ ದೊಡ್ಡ ಹೊಟ್ಟಿ ನೂರು ಲೀಟರ್ ದಾಟ್ತದ, ಕುದರಿದು ಬರೀ 8ರಿಂದ 15 ಲೀಟರ್. ಮದ್ವಿ ಮನ್ಯಾಗ ಉಳದ ಅನ್ನ, ಬುಂದಿ ಪ್ರೀತಿಯಿಂದ ತಿನ್ನಸ್ತಾರ, ರಾತ್ರಿ ಹೊಟ್ಟಿಶೂಲಿ. ಆಮ್ಯಾಲ ಎತ್ತಿಗೆ ಮಾಡ್ದಂಗ ತಲಿ ಮ್ಯಾಲೆತ್ತಿ ಎಣ್ಣಿ ಗೊಟ್ಟ ಹಾಕೋದು, ಎಣ್ಣಿ ಹೊಟ್ಟಿಗೆ ಹೋಗೋ ಬದಲು ಪುಪ್ಪುಸಕ್ಕ ಹೋಗ್ತದ. ನಾವು ಮೂಗಿನಿಂದ ನಳಿಗಿ ಬಿಡೋದು ಸುಮ್ನ ಅಲ್ರಿ.

ನೋವು ತೋರ್ಸೋದ್ರಾಗೂ ಬ್ಯಾರೆ. ಕುದರಿ ಬೆವರಿ, ನೆಲ ಕೆದರಿ, ಪಕ್ಕಿ ನೋಡಿ ಹೊರಳಾಡಿ ಊರೇ ಎಬ್ಬಸ್ತದ, ಮಾಲಕ ಒಂದು ತಾಸಿನ್ಯಾಗ ಫೋನ್ ಮಾಡ್ತಾನ. ಎತ್ತು ಮೆಲುಕು ಬಿಟ್ಟು, ಹಲ್ಲು ಕಡ್ಕೊಂತ, ಬೆನ್ನು ಬಾಗಿಸಿ ಮೂಲ್ಯಾಗ ನಿಂತಿರ್ತದ, ನಮಗ ಫೋನ್ ಬರೋದು ಮೂರನೇ ದಿನ, "ಡಾಕ್ಟರ್ ಸಾಬ್ರ, ಸ್ವಲ್ಪ ಮೇವು ಕಮ್ಮಿ ತಿನ್ನಾಕತ್ತದ" ಅಂತ. ನನ್ನ ಕೇಳಿದ್ರ, ಅರ್ಧ ಕೆಲಸ ಕೆಡೋದು ಈ ಗಟ್ಟಿತನದಿಂದನೇ.

ಸ್ವಭಾವ? ಹೊಸ ಸಪ್ಪಳ ಕೇಳಿದ್ರ ಎತ್ತು ನಿಂತು ನೋಡ್ತದ, ಕುದರಿ ಮೊದ್ಲು ಓಡ್ತದ ಆಮ್ಯಾಲ ನೋಡ್ತದ. ಡಿಜೆ ಮುಂದ ಸುಮ್ನ ನಿಲ್ಲೋದು ಅದಕ್ಕ ಕಲಿಸಿದ್ದು, ಹುಟ್ಟುಗುಣ ಅಲ್ಲ. ಒದಿಯೋದೂ ಹಂಗೇ, ಕುದರಿ ನೇರ ಹಿಂದಕ್ಕ, ದನ ಕಾಲು ಮುಂದಕ್ಕ ತಂದು ಪಕ್ಕಕ್ಕ ಬೀಸ್ತದ, ಅದಕ್ಕ ದನದ ಬಾಜೂಕ ನಿಂತವ್ರೂ ಹುಷಾರಿರ್ಬೇಕು.

ಧನುರ್ವಾಯು ಅಂತೂ ಕುದರಿಗೆ ಭಾಳ ಬೇಗ ಹತ್ತತದ, ಗೊರಸಿನ್ಯಾಗ ಸಣ್ಣ ಮೊಳಿ ಸಾಕು, ಲಸಿಕಿ ತಪ್ಪಿಸಬ್ಯಾಡ್ರಿ. ಆದ್ರ ಔಷಧದಾಗ ಲೆಕ್ಕ ಉಲ್ಟಾನೂ ಆಗ್ತದ. ಝೈಲಜಿನ್ ಅನ್ನೋ ಮಂಪರು ಇಂಜೆಕ್ಷನ್ ಕುದರಿಗೆ ಕೊಡೋದರ ಹತ್ತನೇ ಒಂದು ಪಾಲು ಕೊಟ್ರ ಎತ್ತು ತೂಕಡಸ್ತದ. ಆದ್ರ ದನದ ಫೀಡಿನ್ಯಾಗ ಕೆಲವೊಮ್ಮೆ ಹಾಕೋ ಮೊನೆನ್ಸಿನ್ ಅನ್ನೋ ಔಷಧ, ದನ ತಡಕೊಳ್ಳೋ ಪ್ರಮಾಣದಾಗ ಕುದರಿ ಜೀವಾನೇ ತಗೀತದ. ಹಿಂಡಿ ಚೀಲ ಕುದರಿ ಮುಂದ ಬಿಚ್ಚೋಕ್ಕಿಂತ ಮೊದ್ಲು ಲೇಬಲ್ ನೋಡ್ರಿ, ತಿಳೀಲಿಲ್ಲಂದ್ರ ಫೋಟೋ ಹೊಡದು ನಿಮ್ಮ ಡಾಕ್ಟರಿಗೆ ವಾಟ್ಸಾಪ್ ಮಾಡ್ರಿ.