ನರಕೋಶದ ಕಸ ಎಲ್ಲಿಗೆ ಹೋಗುತ್ತದೆ?

ಜೀವಕೋಶ ಕೆಟ್ಟ ಪ್ರೋಟೀನನ್ನು ಹೇಗೆ ತೆಗೆದುಹಾಕುತ್ತದೆ ಎಂಬ ಈ ಪಾಠದಲ್ಲಿ ನಾನು ಮೊದಲು ತಡವರಿಸಿದ್ದು ಒಂದೇ ಪ್ರಶ್ನೆಗೆ. ಕೆಟ್ಟ ಪ್ರೋಟೀನ್ ಯಾವ ಜೀವಕೋಶದಲ್ಲಾದರೂ ಹುಟ್ಟುತ್ತದೆ, ಅಲ್ವಾ? ಹಾಗಾದರೆ ಪೆಟ್ಟು ಮಿದುಳಿಗೇ ಯಾಕೆ ಜಾಸ್ತಿ? ಚರ್ಮದ ಕೋಶ ಒಡೆದು ಎರಡಾದಾಗ ಒಳಗಿನ ಕಸವೂ ಪಾಲಾಗಿ ತೆಳುವಾಗುತ್ತದೆ. ನರಕೋಶ ಹಾಗೆ ಒಡೆಯುವುದಿಲ್ಲ. ಹುಟ್ಟಿನಿಂದ ಇದ್ದ ಕೋಶವೇ ಕೊನೆತನಕ ದುಡಿಯಬೇಕು. ಕಸವನ್ನು ತಾನೇ ತೆಗೆಯದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ನೀರಿಗೆ ಒಗ್ಗದ ಭಾಗಗಳು ಸಾಮಾನ್ಯವಾಗಿ ಒಳಗೆ ಅಡಗಿರುತ್ತವೆ. ಮಡಿಕೆ ತಪ್ಪಿದರೆ ಅವು ಹೊರಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ತಡೆಯಲು ಶಾಪರೋನ್ ಎಂಬ ಸಹಾಯಕ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಒಂದಾದ ಎಚ್‌ಎಸ್‌ಪಿ70 ಆ ಅಂಟು ಭಾಗವನ್ನು ಹಿಡಿದು, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಬಿಡುತ್ತದೆ. ಸರ ಮತ್ತೊಮ್ಮೆ ಮಡಚಿಕೊಳ್ಳಲು ಪ್ರಯತ್ನಿಸುತ್ತದೆ. ಶಾಪರೋನ್ ಆಕಾರ ಕೊಡುವ ಅಚ್ಚಲ್ಲ, ಅವಕಾಶ ಕೊಡುತ್ತದೆ ಅಷ್ಟೇ. ಇದನ್ನು ಸುಮಾರು ಜನ ತಪ್ಪು ತಿಳಿದುಕೊಳ್ಳುತ್ತಾರೆ.

ರಿಪೇರಿ ಆಗದಿದ್ದರೆ ಅದಕ್ಕೆ ಯುಬಿಕ್ವಿಟಿನ್ ಚೀಟಿ ಬೀಳುತ್ತದೆ. ಇದು 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಇದರ ಸರಪಳಿ ಹೊತ್ತ ಪ್ರೋಟೀನನ್ನು ಪ್ರೋಟಿಯೋಸೋಮ್ ಎಂಬ ಪೀಪಾಯಿ ಒಳಗೆಳೆದು ಚೂರು ಮಾಡುತ್ತದೆ. ಈ ದಾರಿ ತೋರಿಸಿದ ಚಿಖಾನೋವರ್, ಹರ್ಷ್ಕೋ, ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಮುಖ್ಯ ವಿಷಯ. ಪೀಪಾಯಿಯ ಬಾಯಿ ತುಂಬಾ ಕಿರಿದು. ಬಿಚ್ಚಿದ ಎಳೆ ಮಾತ್ರ ನುಗ್ಗುತ್ತದೆ, ಒಂದಕ್ಕೊಂದು ಅಂಟಿಕೊಂಡ ಪ್ರೋಟೀನ್‌ಗಳ ಗಂಟು ನುಗ್ಗುವುದಿಲ್ಲ. ಗಂಟಿಗೆ ಬೇರೆ ಏರ್ಪಾಡು, ಆಟೋಫ್ಯಾಜಿ. ಎರಡು ಪದರದ ಪೊರೆ ಕಸವನ್ನು ಸುತ್ತಿಕೊಂಡು ಲೈಸೋಸೋಮ್ ಎಂಬ ಕೋಶದೊಳಗಿನ ಚೀಲಕ್ಕೆ ಸೇರಿಸುತ್ತದೆ, ಅಲ್ಲಿ ಅದು ಜೀರ್ಣವಾಗುತ್ತದೆ. ನರಕೋಶದಲ್ಲಿ ಇದು ಸುಲಭದ ಕೆಲಸವಲ್ಲ. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಬಳ್ಳಿ, ಒಂದು ಮೀಟರ್‌ನಷ್ಟು ಉದ್ದವಿರಬಹುದು. ತುದಿಯಲ್ಲಿ ಕಟ್ಟಿದ ಮೂಟೆ ಡೈನೀನ್ ಎಂಬ ಮೋಟಾರಿನ ಮೇಲೆ ಕೋಶದ ಒಡಲಿನ ಕಡೆಗೆ ಸಾಗಬೇಕು. ದಾರಿಯಲ್ಲಿ ಸಿಕ್ಕಿಕೊಂಡರೆ ಕಸ ಅಲ್ಲೇ ಪೇರಿಕೊಳ್ಳುತ್ತದೆ.

ಈ ಕೆಲಸ ಎಷ್ಟು ಅಗತ್ಯ ಅಂತ 2006ರಲ್ಲಿ ಜಪಾನಿನ ಎರಡು ತಂಡಗಳು ತೋರಿಸಿದವು. ಇಲಿಗಳ ನರಕೋಶದಲ್ಲಿ ಆಟೋಫ್ಯಾಜಿಗೆ ಬೇಕಾದ ಜೀನನ್ನು ತೆಗೆದುಹಾಕಿದರು. ಒಂದು ತಂಡ ಎಟಿಜಿ5, ಇನ್ನೊಂದು ಎಟಿಜಿ7. ರೋಗ ತರುವ ಪ್ರೋಟೀನನ್ನು ಹೊರಗಿನಿಂದ ಸೇರಿಸಿರಲೇ ಇಲ್ಲ. ಆದರೂ ಯುಬಿಕ್ವಿಟಿನ್ ಹತ್ತಿದ ಗಂಟುಗಳು ತುಂಬಿಕೊಂಡವು, ನಡಿಗೆ ಕೆಟ್ಟಿತು, ನರಕೋಶಗಳು ಸತ್ತವು. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇಲ್ಲಿದೆ.

ಯಾವ ರೋಗದಲ್ಲಿ ಯಾವ ಪ್ರೋಟೀನ್ ಗಂಟಾಗುತ್ತದೆ ಎಂದು ಬೇಗ ನೋಡಿಬಿಡೋಣ. ಆಲ್ಝೈಮರ್‌ನಲ್ಲಿ ಅಮಿಲಾಯ್ಡ್ ಬೀಟಾ ಮತ್ತು ಟೌ, ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲೀನ್, ಹಂಟಿಂಗ್ಟನ್‌ನಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಸಾಲು ಅತಿಯಾಗಿ ಉದ್ದವಾಗಿರುವ ಹಂಟಿಂಗ್ಟಿನ್. ಸೂಕ್ಷ್ಮದರ್ಶಕದಲ್ಲಿ ಕಾಣುವ ದೊಡ್ಡ ಗಂಟೇ ಕೊಲೆಗಾರ ಎಂದು ಸುಮ್ನೆ ಬರೆದುಬಿಡಬೇಡಿ. ಅದಕ್ಕೂ ಮೊದಲು ಹುಟ್ಟುವ ಸಣ್ಣ ಗುಂಪುಗಳು, ಅಂದರೆ ಆಲಿಗೋಮರ್‌ಗಳು, ಹೆಚ್ಚು ಹಾನಿ ಮಾಡುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ದೊಡ್ಡ ಗಂಟು ಕೆಲವೊಮ್ಮೆ ಅವನ್ನು ಕೂಡಿಹಾಕುವ ಜಾಗವೂ ಆಗಿರಬಹುದು.